ಮೂರನೆಯ ಬೀಗ

ನಮ್ಮ ದೇಶದಲ್ಲಿ ಸಿಕಲ್ ಸೆಲ್ ದೋಷವಿದೆಯೆಂಬುದು ಮೊದಲು ತಿಳಿದುಬಂದ ಎಡೆಗಳಲ್ಲಿ ನಮ್ಮ ನೀಲಗಿರಿಯೂ ಒಂದು. 1952ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ಈ ಬೆಟ್ಟಗಳ ಆದಿವಾಸಿಗಳ ರಕ್ತವನ್ನು ಪರೀಕ್ಷಿಸಿ ಅದನ್ನು ಲೋಕಕ್ಕೆ ತಿಳಿಸಿದರು. ದುಂಡಗಿರಬೇಕಾದ ಕೆಂಪು ರಕ್ತಕಣವು ಕುಡುಗೋಲಿನಂತೆ ಬಾಗಿ, ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಸಹಿಸಲಾಗದ ನೋವನ್ನೂ ರಕ್ತಹೀನತೆಯನ್ನೂ ತರುವ ಈ ಕಾಯಿಲೆ ಅಂಟುರೋಗವಲ್ಲ. ಹೆತ್ತವರಿಂದ ಮಕ್ಕಳಿಗೆ ಬರುವಂಥದು. ತಾಯಿ ತಂದೆ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ಮಾತ್ರ ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ.

2023ರ ಜುಲೈ 1ರಂದು ಕೇಂದ್ರ ಸರಕಾರವು ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಆದಿವಾಸಿ ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ರ ವೇಳೆಗೆ ರೋಗದ ನಿವಾರಣೆ, ಇವು ಅದರ ಗುರಿಗಳು. ಉದ್ದೇಶ ಸ್ತುತ್ಯವಾದುದು. ಆದರೆ ಇಷ್ಟು ಜನರ ರಕ್ತದ ಗುಟ್ಟು ಗಣಕಯಂತ್ರವನ್ನು ಸೇರಿದಾಗ ಅದನ್ನು ಕಾಯುವವರಾರು ಎಂಬ ಪ್ರಶ್ನೆಯನ್ನು ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ.

ಪ್ರಶ್ನೆ ಚಿಕ್ಕದಲ್ಲ. ಹುಡುಗಿಯೊಬ್ಬಳು ವಾಹಕಳೆಂಬ ಒಂದೇ ಮಾತು ಮದುವೆಯ ಮಾತುಕತೆಯನ್ನು ಮುರಿಯಲು ಸಾಕು. ಹಾಗೆಂದು ಲೆಕ್ಕವನ್ನು ಪೆಟ್ಟಿಗೆಯಲ್ಲಿಟ್ಟು ಕುಳಿತರೂ ಫಲವಿಲ್ಲ. ಈಚೆ ಗೂಡಲೂರು, ಮಸಿನಗುಡಿ. ಆಚೆ ವಯನಾಡು, ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ. ಕಾಡು ಒಂದೇ, ರಾಜ್ಯಗಳು ಮೂರು. ಯಾವ ಸೀಮೆಗೆ ಎಷ್ಟು ಔಷಧ, ಎಷ್ಟು ರಕ್ತ, ಎಷ್ಟು ವೈದ್ಯರು ಬೇಕೆಂದು ತಿಳಿಯಲು ಮೂರು ಕಡೆಯ ಲೆಕ್ಕವನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಇಂಥ ದೊಡ್ಡ ಲೆಕ್ಕಗಳನ್ನು ಇಂದು ಕ್ಲೌಡ್ ಎಂಬ ವ್ಯವಸ್ಥೆಯಲ್ಲಿ ಮಾಡುವುದು ವಾಡಿಕೆ. ಕ್ಲೌಡ್ ಎಂದರೆ ಮೋಡವೆಂದು ಅರ್ಥವಾದರೂ ಅದು ಆಕಾಶದಲ್ಲೇನೂ ಇಲ್ಲ. ಎಲ್ಲೋ ದೂರದ ಕಟ್ಟಡದಲ್ಲಿ ಬಾಡಿಗೆಗೆ ದೊರೆಯುವ, ಬೇರೊಬ್ಬರ ಒಡೆತನದ ಗಣಕಯಂತ್ರಗಳ ಸಮೂಹ. ಅಲ್ಲಿ ಶೇಖರವಾಗಿರುವ ಮಾಹಿತಿಗೆ ಗುಪ್ತಲಿಪಿಯ ಬೀಗವುಂಟು. ತಂತಿಯಲ್ಲಿ ಸಾಗುವ ಮಾಹಿತಿಗೂ ಉಂಟು. ಆದರೆ ಲೆಕ್ಕ ಮಾಡುವ ಹೊತ್ತಿನಲ್ಲಿ ಬೀಗ ತೆರೆಯಲೇಬೇಕು. ಮತಪೆಟ್ಟಿಗೆಗೆ ಮುದ್ರೆ ಒತ್ತಿ, ಕಾವಲಿನಲ್ಲಿ ಸಾಗಿಸಿದರೂ ಎಣಿಸುವಾಗ ಮೇಜಿನ ಮೇಲೆ ಸುರಿಯಬೇಕಷ್ಟೆ. ಆ ಹೊತ್ತಿನಲ್ಲಿ ಯಂತ್ರದ ಮೇಲ್ವಿಚಾರಕನಾಗಲಿ, ಅದರೊಳಗೆ ನುಸುಳಿದ ಕಳ್ಳನಾಗಲಿ ಎಲ್ಲವನ್ನೂ ಓದಿಬಿಡಬಹುದು.

ಈ ಕೊರತೆಯನ್ನು ತುಂಬಲು ಹುಟ್ಟಿದುದು ಮೂರನೆಯ ಬೀಗ. ಇದು ಯಂತ್ರದ ಮಿದುಳಾದ ಚಿಪ್ಪಿನಲ್ಲಿಯೇ ಅಡಕವಾಗಿದೆ. 2015ರಲ್ಲಿ ಇಂಟೆಲ್ ಸಂಸ್ಥೆಯೂ ಅನಂತರ ಎ.ಎಂ.ಡಿ. ಸಂಸ್ಥೆಯೂ ಇಂಥ ಚಿಪ್ಪುಗಳನ್ನು ಹೊರತಂದುವು. ಚಿಪ್ಪಿನ ರಕ್ಷಣೆಯಲ್ಲಿ ಒಂದು ಗುಪ್ತ ಕೋಣೆಯಿದ್ದಂತೆ. ಕೋಣೆಯ ಮಾಹಿತಿ ಚಿಪ್ಪಿನಿಂದ ಹೊರಬಿದ್ದು ಯಂತ್ರದ ಸ್ಮೃತಿಯನ್ನು ಸೇರುವಾಗ ಗುಪ್ತಲಿಪಿಯಲ್ಲಿಯೇ ಇರುತ್ತದೆ. ಕೀಲಿಕೈ ಚಿಪ್ಪಿನ ಒಳಗೇ ಉಳಿಯುತ್ತದೆ. ಯಂತ್ರದ ಒಡೆಯನು ಇಣುಕಿದರೂ ಕಾಣುವುದು ಅರ್ಥವಿಲ್ಲದ ಅಕ್ಷರರಾಶಿ. ಇದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಕೋಣೆಯೊಳಗೆ ಯಾವ ಲೆಕ್ಕದ ಕ್ರಮವನ್ನು ಇರಿಸಲಾಗಿದೆಯೆಂದು ಚಿಪ್ಪು ತನ್ನ ಸಹಿಯೊಡನೆ ಪ್ರಮಾಣಪತ್ರ ಕೊಡುತ್ತದೆ. ಮೂರು ರಾಜ್ಯಗಳ ಆಸ್ಪತ್ರೆಗಳೂ ಅದನ್ನು ಪರಿಶೀಲಿಸಿ, ಒಪ್ಪಿಗೆಯಾದರೆ ಮಾತ್ರ ತಮ್ಮ ಮಾಹಿತಿಯನ್ನು ಒಳಗೆ ಬಿಡಬಹುದು. ಹೊರಗೆ ಬರುವುದು ಒಟ್ಟು ಸಂಖ್ಯೆ ಮಾತ್ರ. ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣದು.

ಆದರೆ ಬೀಗ ಹಾಕಿದೆವೆಂದು ನಿದ್ದೆ ಹೋಗುವಂತಿಲ್ಲ. 2018ರಲ್ಲಿಯೇ ಸಂಶೋಧಕರು ಇಂಟೆಲ್ ಚಿಪ್ಪಿನ ಗುಪ್ತ ಕೋಣೆಯಿಂದ ಗುಟ್ಟನ್ನು ಹೊರತೆಗೆದು ತೋರಿಸಿದರು. 2025ರಲ್ಲಿ ಸುಮಾರು 50 ಡಾಲರು ವೆಚ್ಚದ ಒಂದು ಸಣ್ಣ ಉಪಕರಣವನ್ನು ಯಂತ್ರದ ಸ್ಮೃತಿಗೆ ಜೋಡಿಸಿ ಎರಡೂ ಸಂಸ್ಥೆಗಳ ರಕ್ಷಣೆಯನ್ನು ಭೇದಿಸಬಹುದೆಂದು ತೋರಿಸಲಾಯಿತು. ಕೋಣೆಗೆ ಹಾಕಿದ ಲೆಕ್ಕದ ಕ್ರಮವೇ ಹೆಸರುಗಳ ಪಟ್ಟಿಯನ್ನು ಹೊರಗೆ ಕೊಡುವಂತಿದ್ದರೆ ಬೀಗವೇನು ಮಾಡೀತು? ಹತ್ತು ಮನೆಗಳ ಹಾಡಿಯಲ್ಲಿ ರೋಗಿ ಒಬ್ಬರು ಎಂದು ಅಚ್ಚಾದರೆ, ಹೆಸರಿಲ್ಲದಿದ್ದರೂ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಶಿಬಿರದ ಮೇಜಿನ ಮೇಲೆ ತೆರೆದಿಟ್ಟ ದಾಖಲೆ ಪುಸ್ತಕಕ್ಕಂತೂ ಯಾವ ಚಿಪ್ಪಿನ ಕಾವಲೂ ಇಲ್ಲ.

ಆದುದರಿಂದ ಬೀಗದೊಡನೆ ಕಾನೂನೂ ಬೇಕು, ಕೇಳುವ ಧೈರ್ಯವೂ ಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರಾಗಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರು 2024ರಲ್ಲಿ ತೀರಿಕೊಂಡರು. ಅವರು ತಂದುಕೊಟ್ಟ ಹಕ್ಕು ನಮ್ಮೊಡನಿದೆ. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು.

ನಮ್ಮ ಓದುಗರ ಮನೆಗಳಲ್ಲಿ ದಾದಿಯರಿದ್ದಾರೆ, ಶಿಕ್ಷಕರಿದ್ದಾರೆ, ಗಣಕಯಂತ್ರದ ಕೆಲಸ ಬಲ್ಲ ತರುಣ ತರುಣಿಯರಿದ್ದಾರೆ. ನಮ್ಮ ಊರಿನಲ್ಲಿ ರಕ್ತ ಪರೀಕ್ಷೆಯ ಶಿಬಿರ ನಡೆದಾಗ ಅವರು ಮುಂದೆ ನಿಂತು ನಾಲ್ಕು ಮಾತು ಕೇಳಲಿ: ಈ ಮಾಹಿತಿ ಯಾವುದಕ್ಕೆ ಬೇಕು? ಯಾರು ನೋಡುವರು? ಲೆಕ್ಕ ಮಾಡುವಾಗಲೂ ಅದು ಬೀಗದೊಳಗೆ ಇರುವುದೆ? ಕೆಲಸ ಮುಗಿದ ಮೇಲೆ ಅಳಿಸುವರೆ? ಪರೀಕ್ಷೆಯನ್ನು ಮಾತ್ರ ಯಾರೂ ಬಿಡಬಾರದು. ಹಾಡಿಯ ತಾಯಿಯೊಬ್ಬಳು ನಂಬಿ ಕೈಚಾಚಿದಾಗ, ಅವಳ ಪರವಾಗಿ ಈ ಮಾತುಗಳನ್ನು ಕೇಳುವುದು ಅಕ್ಷರ ಬಲ್ಲ ನಮ್ಮೆಲ್ಲರ ಹೊಣೆಯೆಂದು ಭಾವಿಸುತ್ತೇವೆ.