ಮುಯ್ಯಿ ಪಟ್ಟಿಯೂ, ಟಿಪ್ಸ್ ಲೆಕ್ಕವೂ

ಅಮೆರಿಕಕ್ಕೆ ಹೋಗಿಬಂದ ನಮ್ಮ ಸಾಫ್ಟ್‌ವೇರ್ ಮಂದಿಯ ಮಾತು ನಿಮಗೂ ಬಾಯಿಪಾಠ ಆಗಿರಬೇಕು. "ಅಲ್ಲಿ ಎಲ್ಲಾದಕ್ಕೂ ಲೆಕ್ಕ ನೋಡಪಾ! ಮದುವೆಗೆ ಬರ್ತೀವೋ ಇಲ್ಲೋ ಅಂತ ಮೊದಲೇ ತಿಳಿಸಬೇಕು, ಊಟಕ್ಕೆ ಕರೆದರೆ ಏನು ತರಲಿ ಅಂತ ಕೇಳಬೇಕು, ಹೋಟೆಲಿನಲ್ಲಿ ಶೇ. 20 ಟಿಪ್ಸ್ ಇಡಬೇಕು. ನಮ್ಮ ಕಡೆ ಹಂಗಿಲ್ಲ." ನಾನೂ ಎರಡು ವರ್ಷ ಅಲ್ಲಿದ್ದು ಬಂದವನೇ. ನನ್ನ ತಕರಾರಿರುವುದು ಆ ಕೊನೆಯ ವಾಕ್ಯದ ಮೇಲೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮದುವೆಗಳನ್ನು ನೋಡಿ. ಲಗ್ನಪತ್ರಿಕೆಯಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚಾಗಿರುತ್ತದೆ. ಮಂಟಪದ ಬಾಜೂಕೇ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಹೆಸರು, ಊರು, ಮುಯ್ಯಿ ಎಷ್ಟು... ಆ ಪುಸ್ತಕ ಟ್ರಂಕಿನಲ್ಲಿ ಭದ್ರ. ಅವರ ಮನೆಯ ಮದುವೆ ಬಂದಾಗ ತೆಗೆದು ನೋಡಿ, ಅಷ್ಟೇ ಅಥವಾ ಸ್ವಲ್ಪ ಮೇಲೆ ಹಾಕುವುದು ರೂಢಿ.

ಇದರಲ್ಲಿ ಒಳ್ಳೆಯದೂ ಇದೆ. ಮದುವೆಯ ಖರ್ಚನ್ನು ಬಂಧು ಬಳಗ ಹಂಚಿಕೊಂಡು ಹೊರುವ, ಬಡ್ಡಿಯಿಲ್ಲದ ಕೈಗಡ ಅದು. ಆದರೆ ಗಳಿಕೆ ಕುಸಿದವರ ಪಾಡೇನು? ನಮ್ಮ ಬಳಗದ ಚಿಗವ್ವ ಒಬ್ಬರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಈಗೀಗ ಯಾರ ಮದುವೆಗೂ ಬರುವುದಿಲ್ಲ. "ಬರಿಗೈಲೆ ಹೆಂಗ ಬರಲೋ ತಮ್ಮಾ" ಅಂತಾರೆ. ಬರಬೇಡಿ ಅಂತ ಅವರಿಗೆ ಯಾರೂ ಹೇಳಿಲ್ಲ, ಆ ನೋಟ್‌ಬುಕ್ ಹೇಳಿದೆ! ಸಭೆಗಳಲ್ಲಿ ದೊಡ್ಡವರ ಕೊರಳಿಗೆ ನಮ್ಮ ಹಾವೇರಿ ಏಲಕ್ಕಿ ಹಾರ ಹಾಕುತ್ತೇವಲ್ಲ, ಅದನ್ನು ಯಾವ ಪುಸ್ತಕದಲ್ಲೂ ಬರೆದು ವಾಪಸ್ ಕೇಳುವುದಿಲ್ಲ. ಚಿಗವ್ವನ 51 ರೂಪಾಯಿ ಮಾತ್ರ ಬರೆದಿಡುತ್ತೇವೆ.

ಅಮೆರಿಕದ ಟಿಪ್ಸ್ ಪದ್ಧತಿ ಅಪ್ಪಟ ಚಿನ್ನವೇನಲ್ಲ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ, ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಆ ಅಂಕಿ ಅಲುಗಾಡಿಲ್ಲ (ಕೆಲವು ರಾಜ್ಯಗಳಲ್ಲಿ ಹೆಚ್ಚಿದೆ). ಅಂದರೆ ನಾವು ಇಡುವ ಟಿಪ್ಸ್ ಭಕ್ಷೀಸಲ್ಲ, ಅವನ ಪಗಾರದ ಭಾಗ. ಅನ್ಯಾಯವೇ ಸರಿ. ಆದರೂ ಅದು ಎದುರಿಗೇ ಕಾಣುತ್ತದೆ, ಅದರ ಮೇಲೆ ಜಗಳ ಆಡಬಹುದು. ನಮ್ಮ ಲೆಕ್ಕ ಇದೆ ಅಂತಲೇ ನಾವು ಒಪ್ಪುವುದಿಲ್ಲವಲ್ಲ, ಇನ್ನು ಜಗಳ ಎಲ್ಲಿಂದ?

ಅತಿಥಿ ಸತ್ಕಾರದ ಕಥೆಯೂ ಅಷ್ಟೇ. "ಚಾ ಕುಡದು ಹೋಗ್ರಿ", "ಬ್ಯಾಡ್ರಿ, ಈಗ ಆತು" ಅಂತ ಮೂರು ಸಲ ನಡೆಯಬೇಕು. ಮೊದಲನೇ ಸಲವೇ ಹೂಂ ಅಂದರೆ ಹೊಟ್ಟೆಬಾಕ, ಮೂರನೇ ಸಲವೂ ಬೇಡ ಅಂದರೆ ಸೊಕ್ಕಿನವ :) ಹೇಳದೆ ಕೇಳದೆ ನಾಲ್ಕು ಜನ ಬಂದರೆ "ನಮ್ಮ ಮನಿ ಬಾಗಿಲು ಯಾವಾಗಲೂ ತೆಗದಿರತೈತಿ" ಅಂತ ಹೆಮ್ಮೆಪಡುವುದು ಪಡಸಾಲೆಯಲ್ಲಿ ಕೂತ ಗಂಡಸರು. ಮತ್ತೆ ಹಿಟ್ಟು ನಾದಿ ರೊಟ್ಟಿ ಬಡಿದು, ಕೊನೆಗೆ ಉಳಿದದ್ದನ್ನು ಉಣ್ಣುವುದು ಅವ್ವ.

ಇದನ್ನೆಲ್ಲ ಬಿಟ್ಟು ಅಮೆರಿಕದವರ ಹಾಗಾಗೋಣ ಅಂತ ನಾನು ಹೇಳುತ್ತಿಲ್ಲ. ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳಿಸುವುದು ಇರಲಿ. ಒಂದೇ ಜಂಪರ್ ಪೀಸು ನಾಲ್ಕು ಮನೆ ತಿರುಗಿ ಮತ್ತೆ ನಮ್ಮಲ್ಲಿಗೇ ಬಂದರೂ ಅಡ್ಡಿಯಿಲ್ಲ. ಆದರೆ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚು ಹಾಕಿಸಿದವರು ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಬರಲಿ. ನೆಂಟರ ಮನೆಗೆ ಹೊರಡುವ ಮುಂಚೆ ಒಂದು ಫೋನ್ ಮಾಡೋಣ. ಕಿಸೆಯಲ್ಲೇ ಇದೆಯಲ್ಲ!

ನಿಮ್ಮ ಕಡೆ ಈ ನೋಟ್‌ಬುಕ್ ಇನ್ನೂ ಇದೆಯಾ? ನೀವೇನಂತೀರಿ?