ಲಸಿಕೆ ಹಾಕಿಸಿದ ಹಸುವಿಗೂ ರೋಗ ಬಂದರೆ ಮುಚ್ಚಿಡಬೇಡಿ



“ಡಾಕ್ಟ್ರಮ್ಮ, ಆರು ತಿಂಗಳಿಗೊಂದ್ಸಲ ಬಂದು ಚುಚ್ತೀರಿ. ಎರಡು ದಿನ ಹಾಲು ಕಮ್ಮಿ ಆಗುತ್ತೆ, ಅದನ್ನೂ ಸಹಿಸ್ಕೊಂಡ್ವಿ. ಆದ್ರೂ ಕಾಲುಬಾಯಿ ಬಂತಲ್ಲ! ಇನ್ಮೇಲೆ ನಮ್ಮ ಕೊಟ್ಟಿಗೆಗೆ ಲಸಿಕೆ ಬೇಡ.”

ಕೆಲವು ವರ್ಷಗಳ ಹಿಂದೆ ಒಬ್ಬ ಅಕ್ಕ ಬೀದಿಯಲ್ಲೇ ನಿಂತು ನನಗೆ ಹೀಗೆ ಹೇಳಿದರು. ಅವರ ಸೀಮೆ ಹಸು ಬಾಯಲ್ಲಿ ಜೊಲ್ಲು ಸುರಿಸುತ್ತಾ ಮೇವು ಬಿಟ್ಟು ನಿಂತಿತ್ತು. “ಯಾವ ಲಸಿಕೆಯೂ ನೂರಕ್ಕೆ ನೂರು ಅಲ್ಲಕ್ಕ” ಎಂದು ಹೇಳಿ, ಚಿಕಿತ್ಸೆ ಮಾಡಿ ಹೊರಟುಬಂದೆ. ಮುಂದಿನ ಸುತ್ತಿಗೆ ಹೋದಾಗ ಆ ಬೀದಿಯ ಅರ್ಧ ಮನೆಗಳಲ್ಲಿ “ಹಸು ತೋಟದಲ್ಲಿವೆ, ಇನ್ನೊಂದಿನ ಬನ್ನಿ” ಎಂಬ ಉತ್ತರ ಸಿಕ್ಕಿತು.

ತಪ್ಪು ಆ ಅಕ್ಕನದಲ್ಲ, ನನ್ನದು. ಅವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಬೇಕಾದ ಒಂದು ಮಾಹಿತಿಯನ್ನೂ ನಾನು ಬರೆದುಕೊಂಡಿರಲಿಲ್ಲ. ಆ ಹಸುವಿಗೆ ಲಸಿಕೆ ಹಾಕಿದ್ದು ಯಾವ ದಿನ? ಆ ಬೀದಿಯಲ್ಲಿ ಲಸಿಕೆ ಹಾಕಿಸಿಯೂ ಚೆನ್ನಾಗಿರುವ ಹಸುಗಳೆಷ್ಟು? ಬಾಯಿಹುಣ್ಣಿನ ಮಾದರಿಯನ್ನೂ ತೆಗೆದಿರಲಿಲ್ಲ.

ಈ ವಿಷಯದಲ್ಲಿ ಮನುಷ್ಯರ ವೈದ್ಯರಿಂದ ನಾವು ಕಲಿಯುವುದಿದೆ. ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರದ ವೈರಾಣು ವರ್ಷವರ್ಷವೂ ವೇಷ ಬದಲಿಸುತ್ತದೆ. ಹೋದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದೆ ಹೋಗಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 1952ರಿಂದಲೂ ಫ್ಲೂ ವೈರಾಣುವಿನ ಮೇಲೆ ಕಣ್ಣಿಡುವ ಜಾಲ ನಡೆಸುತ್ತಿದೆ. ನಮ್ಮ ದೇಶದಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದರಲ್ಲಿದೆ. ವರ್ಷಕ್ಕೆ ಎರಡು ಸಲ ತಜ್ಞರು ಸೇರಿ, ಮುಂದಿನ ಲಸಿಕೆಯಲ್ಲಿ ಯಾವ ವೈರಾಣು ಇರಬೇಕೆಂದು ಹೇಳುತ್ತಾರೆ.

ಆದರೆ ಲಸಿಕೆ ತಯಾರಿಸಿದ ಮೇಲೆ ಅದು ಜನರಲ್ಲಿ ನಿಜವಾಗಿ ಕೆಲಸ ಮಾಡಿತೇ ಎಂದು ನೋಡುವವರು ಯಾರು? ಊರಿನ ಸಾಮಾನ್ಯ ವೈದ್ಯರು. ಇಂಗ್ಲೆಂಡಿನಲ್ಲಿ ಇಂಥ ವೈದ್ಯರ ಒಂದು ಜಾಲ 1957ರಲ್ಲೇ ಶುರುವಾಯಿತು. ಎಷ್ಟು ಜನ ಜ್ವರ, ಕೆಮ್ಮು ಎಂದು ಬಂದರು ಎಂದು ಅವರು ವರದಿ ಕೊಡುತ್ತಾರೆ. ಕೆಲವರ ಮೂಗು, ಗಂಟಲಿನ ದ್ರವ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ದೊಡ್ಡ ಆಸ್ಪತ್ರೆಗಳಿಂದಲೂ ಲೆಕ್ಕ ಬರುತ್ತದೆ. ಸಣ್ಣ ಕ್ಲಿನಿಕ್ಕಿನಲ್ಲಿ ಹಗುರ ಕಾಯಿಲೆ ಕಾಣುತ್ತದೆ, ಆಸ್ಪತ್ರೆಯಲ್ಲಿ ಜೀವಕ್ಕೆ ಅಪಾಯವಿರುವ ಕಾಯಿಲೆ ಕಾಣುತ್ತದೆ. ಎರಡೂ ಸೇರಿದರೇ ಪೂರ್ತಿ ಚಿತ್ರ.

ಅವರು ಹಾಕುವ ಲೆಕ್ಕ ಕಷ್ಟದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2004-05ರ ಫ್ಲೂ ಕಾಲದಲ್ಲಿ ಇದನ್ನು ಪ್ರಯತ್ನಿಸಿದರು. ಈಗ ಹಲವು ದೇಶಗಳಲ್ಲಿ ಇದೇ ಕ್ರಮವಿದೆ. ಒಂದು ಉದಾಹರಣೆ ಹೇಳುತ್ತೇನೆ, ಅಂಕಿ ನಾನೇ ಹಾಕಿಕೊಂಡದ್ದು. ಜ್ವರ, ಕೆಮ್ಮು ಎಂದು 100 ಜನ ಬಂದರು ಅನ್ನಿ. ಪರೀಕ್ಷೆ ಮಾಡಿದರೆ 60 ಜನರಿಗೆ ಫ್ಲೂ, ಉಳಿದ 40 ಜನರಿಗೆ ಬೇರೆ ಕಾಯಿಲೆ. ಫ್ಲೂ ಬಂದ 60ರಲ್ಲಿ 20 ಜನ ಲಸಿಕೆ ಹಾಕಿಸಿಕೊಂಡಿದ್ದವರು. “ನೋಡಿ, 20 ಜನರಿಗೆ ಲಸಿಕೆ ಹಾಕಿಸಿಯೂ ಬಂತು, ದಂಡ!” ಎನ್ನುವುದು ಸುಲಭ. ಆದರೆ ಬೇರೆ ಕಾಯಿಲೆಯ 40 ಜನರನ್ನೂ ನೋಡಿ. ಅವರಲ್ಲಿ ಲಸಿಕೆ ಹಾಕಿಸಿಕೊಂಡವರು 20, ಹಾಕಿಸಿಕೊಳ್ಳದವರು 20, ಸಮಸಮ. ಲಸಿಕೆಯಿಂದ ಏನೂ ಪ್ರಯೋಜನ ಇಲ್ಲದಿದ್ದರೆ ಫ್ಲೂ ಬಂದವರಲ್ಲೂ ಸಮಸಮ ಇರಬೇಕಿತ್ತು. ಅಲ್ಲಿ ಲಸಿಕೆ ಇಲ್ಲದವರು 40, ಹಾಗಾದರೆ ಲಸಿಕೆಯವರೂ 40 ಇರಬೇಕಿತ್ತು. ಇದ್ದದ್ದು 20. ಅಂದರೆ ಲಸಿಕೆ ಅರ್ಧದಷ್ಟು ಜನರನ್ನು ಕಾಪಾಡಿದೆ.

ಇದರಲ್ಲಿ ನಾವು ಗಮನಿಸಬೇಕಾದ್ದು ಇಷ್ಟು: ಲಸಿಕೆ ಹಾಕಿಸಿಯೂ ಕಾಯಿಲೆ ಬಿದ್ದವರು ವೈದ್ಯರ ಹತ್ತಿರ ಬಂದು ಹೇಳಿದ್ದರಿಂದಲೇ ಈ ಲೆಕ್ಕ ಸಿಕ್ಕಿತು. ಅವರು ಬೇಸರದಿಂದ ಮನೆಯಲ್ಲೇ ಕೂತಿದ್ದರೆ ಲಸಿಕೆಯ ಗುಣವೂ ತಿಳಿಯುತ್ತಿರಲಿಲ್ಲ, ದೋಷವೂ ತಿಳಿಯುತ್ತಿರಲಿಲ್ಲ. ಲೆಕ್ಕ ಸದಾ ಲಸಿಕೆಯ ಪರವಾಗಿಯೇ ಬರುವುದೂ ಇಲ್ಲ. ಅಮೆರಿಕದಲ್ಲಿ 2014-15ರಲ್ಲಿ ವೈರಾಣು ಬದಲಾಗಿದ್ದರಿಂದ ಫ್ಲೂ ಲಸಿಕೆಯ ರಕ್ಷಣೆ ಶೇ. 19 ಮಾತ್ರ ಎಂದು ಅಲ್ಲಿನ ಸರ್ಕಾರದ ಸಂಸ್ಥೆಯೇ ಪ್ರಕಟಿಸಿತು. ಮುಚ್ಚಿಡದೆ ಹೇಳಿದರು, ಮುಂದಿನ ವರ್ಷದ ಲಸಿಕೆಯಲ್ಲಿ ವೈರಾಣುವನ್ನು ಬದಲಿಸಿದರು.

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಕಾಲುಬಾಯಿ ಜ್ವರಕ್ಕೆ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ ಲಸಿಕೆ ನಡೆಯುತ್ತಿದೆ. 2013ರಲ್ಲಿ ಈ ರೋಗ ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡದ್ದು ನಿಮ್ಮಲ್ಲಿ ಬಹಳ ಜನರಿಗೆ ನೆನಪಿದೆ. ಲಸಿಕೆ ಬಿಡುವ ಮಾತೇ ಇಲ್ಲ. ಆದರೆ ಲಸಿಕೆ ಹಾಕಿದ ಹಸುವಿಗೂ ರೋಗ ಬಂದರೆ ಅದಕ್ಕೊಂದು ಕಾರಣ ಇರುತ್ತದೆ. ಲಸಿಕೆ ಹಾಕಿ ಎರಡು ವಾರ ಆಗುವ ಮೊದಲೇ ಸೋಂಕು ತಗುಲಿರಬಹುದು. ಆರು ತಿಂಗಳು ದಾಟಿ ಶಕ್ತಿ ಕುಂದಿರಬಹುದು. ಕರುವಿಗೆ ಮೊದಲ ಲಸಿಕೆಯಾಗಿ ತಿಂಗಳ ಮೇಲೆ ಹಾಕಬೇಕಾದ ಎರಡನೆಯದು ತಪ್ಪಿರಬಹುದು. ದಾರಿಯಲ್ಲಿ ಐಸ್ ಕರಗಿ ಲಸಿಕೆಯೇ ಕೆಟ್ಟಿರಬಹುದು. ಇಲ್ಲವೇ ವೈರಾಣು ಬದಲಾಗಿರಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ಯಾವುದು ಎಂದು ತಿಳಿಯಬೇಕಾದರೆ ದಾಖಲೆ ಬೇಕು, ಮಾದರಿ ಬೇಕು.

ಫ್ಲೂ ಲೆಕ್ಕವನ್ನು ಹಾಗೆಯೇ ತಂದು ಹಸುಗಳಿಗೆ ಹಾಕಲಾಗದು ಎಂಬುದು ನನಗೂ ಗೊತ್ತು. ನಮ್ಮಲ್ಲಿ ಇಡೀ ಊರಿಗೆ ಒಂದೇ ವಾರದಲ್ಲಿ ಲಸಿಕೆ ಹಾಕುತ್ತೇವೆ, ರೋಗ ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಮಲಗುತ್ತದೆ. ಆದರೂ ಬುಡ ಒಂದೇ: ಕಾಯಿಲೆ ಬಂದದ್ದನ್ನೂ ಬಾರದ್ದನ್ನೂ, ಲಸಿಕೆಯ ದಿನದ ಜೊತೆಗೆ ಬರೆದಿಡುವುದು.

“ಹೇಳಿದರೆ ಡೇರಿಯಲ್ಲಿ ಹಾಲು ನಿಲ್ಲಿಸ್ತಾರೆ, ಊರೆಲ್ಲ ನಮ್ಮನ್ನೇ ದೂರುತ್ತೆ” ಎಂಬ ಭಯ ನಿಮಗಿದೆ. ಅದು ಸುಳ್ಳು ಭಯವಲ್ಲ. ಹದಿನೈದು ದಿನದ ಬಟವಾಡೆಯಲ್ಲಿ ಮಕ್ಕಳ ಫೀಸು, ಸಂಘದ ಸಾಲದ ಕಂತು ಎಲ್ಲ ಇರುತ್ತದೆ. ಆದರೆ ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಹಾಲಿನಲ್ಲಿ ವೈರಾಣು ಬರಬಹುದು. ನೀವು ಮುಚ್ಚಿಟ್ಟ ಒಂದೊಂದು ದಿನವೂ ಕ್ಯಾನು, ಕೈ, ಕಾಲಿನ ಮೂಲಕ ಅದು ಪಕ್ಕದ ಮನೆಗೆ ಹೋಗುತ್ತದೆ. ಹಾಗಾಗಿ ಮೊದಲು ಹೇಳಿದ ಹೆಣ್ಣುಮಗಳನ್ನು ತಪ್ಪಿತಸ್ಥೆಯಂತೆ ನೋಡಬಾರದು, ಅವಳು ಊರಿನ ಹಸುಗಳನ್ನು ಉಳಿಸಿದವಳು ಎಂದು ಸಂಘದ ಆಡಳಿತ ಮಂಡಳಿಯೇ ಸಭೆಯಲ್ಲಿ ಹೇಳಬೇಕು. ಆ ದಿನಗಳ ನಷ್ಟಕ್ಕೆ ಏನು ನೆರವು ಕೊಡಬಹುದು ಎಂಬುದನ್ನೂ ಸರ್ವಸದಸ್ಯರ ಸಭೆಯಲ್ಲಿ ಚರ್ಚಿಸಬೇಕು. ಬರೀ “ಹೇಳಿ, ಹೇಳಿ” ಎಂದರೆ ಯಾರೂ ಹೇಳುವುದಿಲ್ಲ.

ನಿಮ್ಮಲ್ಲಿ ಕೇಳುವುದು ಮೂರೇ. ಲಸಿಕೆ ಹಾಕಿದ ದಿನ ಹಸುವಿನ ಕಿವಿಯೋಲೆಯ 12 ಅಂಕಿಯ ಜೊತೆಗೆ ತಾರೀಖನ್ನು ಹಾಲಿನ ಪಾಸ್‌ಬುಕ್ಕಿನ ಹಿಂದೆ ಬರೆಯಿರಿ ಅಥವಾ ಮಗಳ ಕೈಲಿ ಬರೆಸಿ. ಜೊಲ್ಲು, ಕುಂಟು, ಜ್ವರ ಕಂಡರೆ ಅದೇ ದಿನ ಕಾರ್ಯದರ್ಶಿಗೆ ಹೇಳಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಡಾಕ್ಟರು ಬಂದಾಗ, ಔಷಧಿಗೆ ಮೊದಲು ಮಾದರಿ ತೆಗೆಯಿರಿ ಎಂದು ಕೇಳಿ.

ನಾವು ಮಾಡಬೇಕಾದ್ದೂ ಇದೆ. ತೆಗೆದುಕೊಂಡು ಹೋದ ಮಾದರಿಯ ಫಲಿತಾಂಶ ನಿಮ್ಮ ಮನೆಗೆ ವಾಪಸ್ ಬರಬೇಕು. ಲಸಿಕೆ ಸುತ್ತು ಮುಗಿದ ಮೇಲೆ ಎಷ್ಟು ರಾಸುಗಳಿಗೆ ಹಾಕಿದೆವು, ಎಷ್ಟಕ್ಕೆ ರೋಗ ಬಂತು ಎಂಬ ಪಟ್ಟಿ ಡೇರಿಯ ಫಲಕದ ಮೇಲೆ, ಫ್ಯಾಟ್ ದರದ ಪಕ್ಕದಲ್ಲೇ ಇರಬೇಕು. ಲೆಕ್ಕ ಚೆನ್ನಾಗಿಲ್ಲದಿದ್ದರೂ ಹಾಕಬೇಕು.

ಆ ಅಕ್ಕನ ಮನೆಗೆ ಆಮೇಲೆ ಹೋಗಿ ಇದನ್ನೆಲ್ಲ ಹೇಳಿದೆ. “ಅವತ್ತೇ ಹೀಗೆ ಕೂತು ಹೇಳಿದ್ರೆ ಬೇಡ ಅಂತಿದ್ನಾ ಡಾಕ್ಟ್ರಮ್ಮ?” ಎಂದರು. ಮುಂದಿನ ಸುತ್ತಿನಲ್ಲಿ ಹಸುವನ್ನು ತಾವೇ ಹಿಡಿದು ನಿಂತರು. ತಾರೀಖು ಬರೆಯಲು ಪಾಸ್‌ಬುಕ್ಕನ್ನೂ ತಂದಿದ್ದರು.

– ಪಶುವೈದ್ಯಾಧಿಕಾರಿ, ಹಾಲು ಒಕ್ಕೂಟ