ಮುಖಪುಟದ ಶಾಂತಲೆ

ಮಾಗಡಿಯಿಂದ ಉತ್ತರಕ್ಕೆ ಸಾಗುವ ಪ್ರಯಾಣಿಕನಿಗೆ ಶಿವಗಂಗೆಯ ಬೆಟ್ಟ ಎದುರಾಗುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿಯು ಕ್ರಿ.ಶ. 1131ರಲ್ಲಿ ಇಲ್ಲಿಯೇ ದೇಹವನ್ನು ತೊರೆದಳೆಂದು ಶ್ರವಣಬೆಳಗೊಳದ ಶಾಸನದಿಂದ ತಿಳಿದುಬರುತ್ತದೆ. ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಈ ರಾಣಿಯ ಬಾಳನ್ನೇ ವಸ್ತುವಾಗಿ ಉಳ್ಳ ಕಾದಂಬರಿಗಳು.

ಇಂತಹ ಕಾದಂಬರಿಗೆ ಮುಖಪುಟವನ್ನು ರಚಿಸುವುದು ಸುಲಭದ ಕಾರ್ಯವಲ್ಲ. ಶಾಂತಲೆಯ ಮುಖ ಹೇಗಿದ್ದಿತೆಂಬುದನ್ನು ಬಲ್ಲವರು ಯಾರು? ಚಿತ್ರಕಾರನ ದೃಷ್ಟಿ ಸಹಜವಾಗಿಯೇ ಬೇಲೂರಿನ ಕಡೆಗೆ ಹರಿಯುತ್ತದೆ. ಅಲ್ಲಿ ಕೈಗನ್ನಡಿಯನ್ನು ಹಿಡಿದು ನಿಂತ ದರ್ಪಣಸುಂದರಿಯೇ ಶಾಂತಲೆಯೆಂದು ಜನರು ನಂಬುತ್ತಾರೆ. ಈ ನಂಬಿಕೆ ಮನೋಹರವಾದುದು. ಆದರೆ ನಂಬಿಕೆಯೇ ಇತಿಹಾಸವಲ್ಲ.

ಮುಖಪುಟದ ಚಿತ್ರವು ಬರಿಯ ಅಲಂಕಾರವಲ್ಲ, ಅದೊಂದು ಅಭಿಪ್ರಾಯ ಎಂಬುದನ್ನು ನಾವು ಮರೆಯಬಾರದು. ಕನ್ನಡಿ ಹಿಡಿದ ಶಾಂತಲೆಯನ್ನು ಬರೆದವನು, “ಇವಳು ಚೆಲುವೆ” ಎಂದು ಹೇಳುತ್ತಾನೆ. ಶಿವಗಂಗೆಯ ಕೋಡುಗಲ್ಲಿನ ಅಂಚಿನಲ್ಲಿ ಅವಳನ್ನು ನಿಲ್ಲಿಸಿದವನು, “ಇವಳು ದುಃಖಿನಿ” ಎನ್ನುತ್ತಾನೆ. ಚೆಲುವು, ದುಃಖ ಇವೆರಡರಲ್ಲಿಯೇ ಅವಳ ಬಾಳು ಮುಗಿಯಿತೆ? ಶಾಸನಗಳು ಅವಳನ್ನು ಸಂಗೀತ ನೃತ್ಯಗಳಲ್ಲಿ ನಿಪುಣೆಯೆಂದು ಕೊಂಡಾಡುತ್ತವೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಅವಳೇ. ತಂದೆ ಶೈವ, ತಾಯಿ ಜೈನೆ, ಪತಿ ವಿಷ್ಣುಭಕ್ತ; ಇಂತಹ ಮನೆಯಲ್ಲಿ ಬಾಳಿದವಳ ಹಿರಿಮೆಯು ಅಂಗೈಯಗಲದ ಕನ್ನಡಿಯಲ್ಲಿ ಹಿಡಿಸೀತೆ?

ಹಾಗೆಂದು ಚಿತ್ರಕಾರನನ್ನು ದೂರುವುದು ತರವಲ್ಲ. ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರದ ತುಂಡನ್ನು ಕಡೆದು, ಅರಗಿನ ಬಣ್ಣವನ್ನೇರಿಸಿ, ಎರಡು ಚುಕ್ಕೆಗಳನ್ನಿಟ್ಟರೆ ರಾಜನ ಗೊಂಬೆ ಸಿದ್ಧವಾಗುತ್ತದೆ. ಉಳಿದ ರಾಜತ್ವವನ್ನು ಆಡುವ ಮಗುವೇ ತುಂಬಿಕೊಳ್ಳುತ್ತದೆ. ಮುಖಪುಟವೂ ಹಾಗೆಯೇ. ಒಂದೇ ಹಾಳೆಯಲ್ಲಿ ಒಂದು ಬಾಳನ್ನೆಲ್ಲ ತೋರಿಸಲಾಗದು. ಉಳಿದುದನ್ನು ತುಂಬುವ ಹೊಣೆ ಓದುಗನದು. ಆದರೆ ಪುಸ್ತಕವನ್ನು ತೆರೆಯದೆ ಹೊದಿಕೆಯನ್ನಷ್ಟೇ ಕಂಡವನ ಮನಸ್ಸಿನಲ್ಲಿ ಆ ಚಿತ್ರವೇ ಸತ್ಯವಾಗಿ ನಿಂತುಬಿಡುತ್ತದೆ. ಅದು ಆ ರಾಣಿಗೆ ನಾವು ಮಾಡುವ ಅನ್ಯಾಯ.

ಆದುದರಿಂದ ಐತಿಹಾಸಿಕ ಕಾದಂಬರಿಯ ಮುಖಪುಟವನ್ನು ಎರಡು ಬಾರಿ ನೋಡಬೇಕು: ಓದುವ ಮೊದಲು ಒಮ್ಮೆ, ಓದಿ ಮುಗಿಸಿದ ಮೇಲೆ ಮತ್ತೊಮ್ಮೆ. ಮೊದಲ ನೋಟದಲ್ಲಿ ಚಿತ್ರವು ನಮಗೆ ಶಾಂತಲೆಯನ್ನು ಪರಿಚಯಿಸುತ್ತದೆ. ಎರಡನೆಯ ನೋಟದಲ್ಲಿ, “ಇವಳು ನಿಜವಾಗಿಯೂ ಶಾಂತಲೆಯೆ?” ಎಂದು ಚಿತ್ರವನ್ನು ಪ್ರಶ್ನಿಸುವ ಅಧಿಕಾರ ನಮಗೆ ದೊರೆತಿರುತ್ತದೆ. ಆ ಅಧಿಕಾರವನ್ನು ಪಡೆಯುವುದೇ ಓದಿನ ಫಲ.